ಒಳಗೆ ಬಿದ್ದ ಬಿಲ್ಲೆ

ಅಣ್ಣತಮ್ಮಂದಿರ ಆ ಗ್ಯಾರೇಜಿಗೆ ಬರುವವರೆಲ್ಲ ತಮ್ಮನನ್ನು ಪಾಲಿಶ್ ಎಂದೇ ಕರೆಯುತ್ತಿದ್ದರು. ಹಳೆಯ ಕಾರುಗಳ ಮೈ ಉಜ್ಜುವುದು, ಸೀಟು ಹೊಲಿಯುವುದು, ಇಷ್ಟೇ ಅವನ ಪಾಲಿಗೆ ಬಂದ ಕೆಲಸ. ಎಂಜಿನ್ನೆಲ್ಲ ಅಣ್ಣನದು.

ಹರೆಯದಲ್ಲಿ ಹೀಗಿರಲಿಲ್ಲ. ಒಂದು ದಿನ ಇಬ್ಬರೂ ಸೇರಿ ಹಳೆಯ ಕಾರೊಂದರ ಎಂಜಿನ್ ಬ್ಲಾಕಿನ ಫ್ರೀಜ್ ಪ್ಲಗ್ ಬಿಚ್ಚುತ್ತಿದ್ದರು. ಬ್ಲಾಕಿನೊಳಗೆ ನೀರು ಓಡಾಡುವ ಪೊಳ್ಳಿನ ಬಾಯಿ ಮುಚ್ಚುವ ತಗಡಿನ ಬಿಲ್ಲೆಗಳವು. ಅಂಚಿಗೆ ಮೆಲ್ಲಗೆ ಹೊಡೆದರೆ ತಿರುಗಿ ಹೊರಬರುತ್ತವೆ, ನಟ್ಟನಡುವೆ ಜೋರಾಗಿ ಹೊಡೆದರೆ ಒಳಗೆ ಬೀಳುತ್ತವೆ. ತಮ್ಮನು ನಡುವಿನ ಬಿಲ್ಲೆಯ ಅಂಚಿಗೆ ಚಪ್ಪಟೆ ಉಳಿಯಿಂದ ಮೆಲ್ಲಗೆ ನಾಲ್ಕು ಏಟು ಹಾಕಿ ಊಟಕ್ಕೆ ಎದ್ದ. ತಿರುಗಿ ಬಂದರೆ ಅಣ್ಣ ತಲೆಮೇಲೆ ಕೈಹೊತ್ತು ಕೂತಿದ್ದ. ನಿನ್ನ ಏಟಿಗೆ ಬಿಲ್ಲೆ ಒಳಗೆ ಬಿದ್ದು ಸಿಲಿಂಡರ್ ಗೋಡೆಯೇ ಬಿರುಕುಬಿಟ್ಟಿದೆ ಎಂದ. ತಮ್ಮ ಒಪ್ಪಿಕೊಂಡ. ಅಣ್ಣ ಹೇಳಿದ ಮೇಲೆ ಮುಗಿಯಿತಲ್ಲ! ಇವನ ಕೈಗುಣ ಸರಿಯಿಲ್ಲ ಎಂದು ಅಪ್ಪ ಸಾಯುವವರೆಗೂ ಹೇಳಿದರು. ಅವನೂ ನಂಬಿದ.

ಈಗ ಆ ಕಾರಿನ ಒಡತಿ ಮೊದಲಿನ ಎಂಜಿನ್ನೇ ಬೇಕೆಂದು ಹಟ ಹಿಡಿದು, ಮೂಲೆಯಲ್ಲಿ ತುಕ್ಕು ಹಿಡಿದಿದ್ದ ಬ್ಲಾಕನ್ನು ಹೊರಗೆಳೆಸಿದ್ದಳು. ಬಿರುಕು ಮುಚ್ಚಲು ಸಿಲಿಂಡರಿನೊಳಗೆ ಸ್ಲೀವ್ ಎಂಬ ಕೊಳವೆ ಕೂರಿಸಿಕೊಡುತ್ತೇನೆ, ಪ್ಲಗ್ ಬಿಚ್ಚಿ ತನ್ನಿ ಎಂದಿದ್ದ ಲೇತ್ ಅಂಗಡಿಯವನು. ಅಣ್ಣನ ಭುಜ ಹಿಡಿದುಕೊಂಡಿತ್ತು. ಹಾಗಾಗಿ ಸುತ್ತಿಗೆ ಪಾಲಿಶನ ಕೈಗೆ ಬಂತು. ಸುತ್ತಿಗೆಯ ಏಟಿಗೆ ಆನಿಸಿ ಹಿಡಿಯುವ ಉಕ್ಕಿನ ಕಡ್ಡಿ, ಅಪ್ಪನ ಪಂಚನ್ನು ಮಾತ್ರ ಅಣ್ಣ ಕೊಡಲಿಲ್ಲ. ಮೂತಿಯ ಒಂದು ಬದಿ ಮುರಿದಿದ್ದ ಅದು ಮೊದಲಿನಿಂದಲೂ ಅವನ ಜೇಬಿನಲ್ಲೇ ಇರುತ್ತಿತ್ತು. ಬೇರೆ ಯಾರಾದರೂ ಮುಟ್ಟಿದರೆ ಮೈಮೇಲೆ ಬೀಳುತ್ತಿದ್ದ. ಅದು ಹೊಡೆದಲ್ಲೆಲ್ಲ ಚೂರು ಕಚ್ಚಿದ ಬಿಸ್ಕತ್ತಿನಂಥ ಗುರುತು ಬೀಳುತ್ತಿತ್ತು.

ಮೊದಲೆರಡು ಬಿಲ್ಲೆಗಳು ಅಂಚಿಗೆ ಏಟು ಬಿದ್ದೊಡನೆ ಅಡ್ಡ ತಿರುಗಿದವು. ಇಕ್ಕಳದಲ್ಲಿ ಹಿಡಿದು ಮೀಟಿದರೆ ಬಂದೇ ಬಿಟ್ಟವು. ನಡುವಿನದು ಜಪ್ಪಯ್ಯ ಅನ್ನಲಿಲ್ಲ.

"ಅದನ್ನ ಬಿಟ್ಬಿಡು," ಎಂದ ಅಣ್ಣ. "ಆಮೇಲೆ ಹೊಸದನ್ನ ನಾನೇ ಹಾಕಿದ್ದು, ಚೆನ್ನಾಗಿದೆ."

ಪಾಲಿಶ್ ಬಿಡಲಿಲ್ಲ. ಎಣ್ಣೆ ಬಿಟ್ಟ, ಸುತ್ತ ಬೆಂಕಿ ತೋರಿಸಿದ, ಉಸಿರು ಬಿಗಿಹಿಡಿದು ಹೊಡೆದ. ಬಿಲ್ಲೆ ತಿರುಗಿತು. ತುಕ್ಕಿನ ಕೆಸರು ಬಳಬಳ ಸುರಿಯಿತು. ಒಳಗೆ ತಂತಿ ತೂರಿಸಿ, ಅಂದು ಬಿದ್ದಿದ್ದ ಹಳೆಯ ಬಿಲ್ಲೆಯನ್ನೂ ಎಳೆದು ತೆಗೆದ. ತನ್ನ ತಪ್ಪನ್ನು ಒಮ್ಮೆ ಕಣ್ಣಾರೆ ನೋಡಬೇಕೆನಿಸಿ ಬಟ್ಟೆಯಲ್ಲಿ ಒರೆಸಿದ.

ಅಂಚಿನಲ್ಲಿ ಚಪ್ಪಟೆ ಉಳಿಯ ನಾಲ್ಕು ಗೀರುಗಳಿದ್ದವು. ಅವು ಅವನವು. ನಟ್ಟನಡುವೆ, ತಗಡು ಗುಂಡಿಬೀಳುವಷ್ಟು ಜೋರಾಗಿ ಹೊಡೆದ ಗುರುತುಗಳಿದ್ದವು. ಕಚ್ಚಿದ ಬಿಸ್ಕತ್ತುಗಳು.

ಅವನು ಬಿಲ್ಲೆಯನ್ನು ಒಯ್ದು ಅಣ್ಣನ ಮುಂದೆ ಇಟ್ಟ. ಅಣ್ಣ ಅದರ ಗುರುತುಗಳ ಮೇಲೆ ಹೆಬ್ಬೆರಳಾಡಿಸಿದ.

"ಗ್ಯಾರೇಜ್ ಯಾರ ಕೈಗೆ ಕೊಡೋದು ಅಂತ ಅಪ್ಪ ಆಗ ಯೋಚಿಸ್ತಿದ್ರು," ಎಂದ. "ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ ಕಣೋ. ಗೊತ್ತಿದ್ದೂ ನನಗೋಸ್ಕರ ಸುಮ್ನಿದೀಯ ಅಂತ."

"ನಂಗೆ ಗೊತ್ತಿರಲಿಲ್ಲ ಅಣ್ಣ. ನನ್ನ ಕೈ ಸರಿಯಿಲ್ಲ ಅಂತಾನೇ ಇಷ್ಟು ವರ್ಷ ಬದುಕಿದೆ."

ಬ್ಲಾಕಿನ ಹಿಂಬದಿಯಲ್ಲಿ ಇನ್ನೊಂದು ಪ್ಲಗ್ ಉಳಿದಿತ್ತು. ಪಾಲಿಶ್ ಅಪ್ಪನ ಪಂಚಿಗಾಗಿ ಅಂಗೈ ಚಾಚಿದ. ಅಣ್ಣನ ಕಣ್ಣು ತುಂಬಿ ಬಂದಿತ್ತು. ಆದರೂ ಅವನ ಕೈ ತಾನಾಗಿಯೇ ಹೋಗಿ ಜೇಬನ್ನು ಮುಚ್ಚಿಕೊಂಡಿತು.