ಅಲುಗಬಾರದು

ಕೊಂಬು ಸುಟ್ಟ ವಾಸನೆ. ತಲೆಬುರುಡೆಗೆ ಡ್ರಿಲ್ ಇಳಿದಾಗಲೆಲ್ಲ ಡಾಕ್ಟರ್ ಬಸವಪ್ರಸಾದನ ಮೂಗಿಗೆ ಅದೇ ಬರುತ್ತಿತ್ತು. ಚಿಕ್ಕಂದಿನಲ್ಲಿ, ಖಾನಾಪುರದ ಬದಿಯ ಊರಿನಲ್ಲಿ, ಕೊಂಬು ಬೆಳೆಯದಿರಲೆಂದು ಅಜ್ಜ ಕಾಯಿಸಿದ ಕಬ್ಬಿಣವನ್ನು ಕರುವಿನ ಎಳೆಗೊಂಬಿಗೆ ಒತ್ತುತ್ತಿದ್ದ. ತಲೆ ಹಿಡಿಯುವ ಕೆಲಸ ಇವನದು. "ಅಲಗಬಾರದು. ಎರಡೂ ಕೈಲೆ ಹಿಡಿ," ಎನ್ನುತ್ತಿದ್ದ ಅಜ್ಜ. ಕರುವಿನ ಕಣ್ಣು ನೋಡದೆ ಹಿಡಿಯುವುದನ್ನು ಅವನು ಬೇಗ ಕಲಿತ. ಮುಂದೆ ಕಲಿತ ವಿದ್ಯೆಯೆಲ್ಲ ಅದೇ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು.

ಮೇಜಿನ ಮೇಲಿದ್ದವನು ಉಳವಪ್ಪ. ಉಳಿಯುವುದಿಲ್ಲವೆಂದು ಗೊತ್ತಿದ್ದೂ ಬಸವಪ್ರಸಾದ ಅವನ ತಲೆ ತೆರೆಯುತ್ತಿದ್ದ.

ಬೆಳಿಗ್ಗೆ ಶಿವಬಸವ ನಗರದ ಮನೆಯಲ್ಲಿ ಚಹಾ ಕುಡಿಯುವಾಗ ಖಾನಾಪುರದ ಡಾಕ್ಟರು ಫೋಟೊ ಕಳಿಸಿದ್ದರು. ಮರ ಹತ್ತಿ ಟೊಂಗೆ ಸವರುತ್ತಿದ್ದ ಅಣ್ಣನ ಕೈಯಿಂದ ಬಾಗು ಅಲಗಿನ ಕೊಯ್ತಾ ಜಾರಿ, ಕೆಳಗೆ ನಿಂತ ತಮ್ಮ ಉಳವಪ್ಪನ ಕಿವಿಯ ಮೇಲ್ಗಡೆ ನಾಟಿತ್ತು. ಹಿಡಿಕೆ ಹೊರಗೆ, ಸುತ್ತ ಬಟ್ಟೆಯ ಸುರುಳಿ ಇಟ್ಟು ಅಲುಗದಂತೆ ಕಟ್ಟಿದ್ದರು. ಉಳವಪ್ಪನಿಗೆ ಎಚ್ಚರವಿತ್ತು. ಹೆಸರು ಹೇಳುತ್ತಿದ್ದ, ನೀರು ಕೇಳುತ್ತಿದ್ದ.

"ತಗೀಬ್ಯಾಡ್ರಿ ಅಂತ ಹೇಳೀರಿಲ್ಲ?" ಎಂದು ಬಸವಪ್ರಸಾದ ಫೋನಿನಲ್ಲಿ ಕೇಳಿದ.

"ಕೈ ಮುಗದ ಹೇಳೀನ್ರಿ."

ನಾಟಿದ ಕಬ್ಬಿಣವೇ ಹರಿದ ರಕ್ತನಾಳಕ್ಕೆ ಬಿರಡೆ. ಆಪರೇಷನ್ ಥಿಯೇಟರಿನಲ್ಲಿ ಸುತ್ತಲಿನ ಎಲುಬು ಬಿಡಿಸಿ, ನಾಳ ಕೈಗೆ ಸಿಕ್ಕ ಮೇಲೆ, ಹೊಕ್ಕ ದಾರಿಯಲ್ಲೇ ಅದನ್ನು ಹಿಂದೆ ತೆಗೆಯಬೇಕು. ಬಸವಪ್ರಸಾದ ರಕ್ತ ತರಿಸಿಟ್ಟ, ಸ್ಕ್ಯಾನಿನವರಿಗೆ ಹೇಳಿಟ್ಟ. ಫೋಟೊವನ್ನು ದೊಡ್ಡದು ಮಾಡಿ ಮತ್ತೆ ಮತ್ತೆ ನೋಡಿದ. ಇಂಥದ್ದು ಸಿಗುವುದು ಜೀವಮಾನದಲ್ಲಿ ಒಮ್ಮೆ. ಸಮ್ಮೇಳನದಲ್ಲಿ ತೋರಿಸಬಹುದು. ಎಷ್ಟೋ ದಿನಗಳ ಮೇಲೆ ಅವನಿಗೆ ಚೆನ್ನಾಗಿ ಹಸಿವಾಯಿತು.

ಊರವರ ಜೀಪು ಬೆಳಗಾವಿಯ ಆಸ್ಪತ್ರೆ ಮುಟ್ಟಿದಾಗ ಉಳವಪ್ಪನ ತಲೆಗೆ ರಕ್ತದಲ್ಲಿ ಒದ್ದೆಯಾದ ಟವೆಲ್ ಮಾತ್ರ ಸುತ್ತಿತ್ತು.

"ಕೊಯ್ತಾ ಎಲ್ಲಿ?"

ನಾಡಿ ಹಿಡಿಯುವ ಮೊದಲೇ ಬಸವಪ್ರಸಾದ ಕೇಳಿದ್ದು ಅದನ್ನು. ಅಣ್ಣ ಸಾತಪ್ಪ ನೆಲ ನೋಡಿದ. ಉಳವಪ್ಪನ ಕಣ್ಣಪಾಪೆಗಳು ಅಗಲವಾಗಿ ನಿಂತಿದ್ದವು. ಟಾರ್ಚ್ ಬಿಟ್ಟರೂ ಕುಗ್ಗಲಿಲ್ಲ.

ಮಧ್ಯಾಹ್ನ ಕಳೆದು ಥಿಯೇಟರಿನಿಂದ ಹೊರಗೆ ಬಂದಾಗ ಇಬ್ಬರ ತಾಯಿ ಕಾಶವ್ವ ಬೆಂಚಿನ ಮೇಲೆ ಕೂತಿದ್ದಳು. ಸಾತಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ.

"ಹೋದ್ನೇನ್ರಿ?" ಎಂದಳು ಕಾಶವ್ವ.

"ಹೂಂ." ಬಸವಪ್ರಸಾದ ಕೇಳಿದ, "ಕೊಯ್ತಾ ತಗದವ್ರು ಯಾರು?"

"ನಾನ ತಗಸೀನ್ರಿ. ಇಬ್ಬರಿಗೂ ಹೊಲದ ಜಗಳ ಇತ್ತು, ಊರಿಗೆಲ್ಲ ಗೊತ್ತೈತಿ. ಕೈ ಜಾರಿ ಬಿತ್ತಂದ್ರ ಪೊಲೀಸ್ರು ನಂಬತಾರೇನ್ರಿ? ದಾರ್ಯಾಗ ಹಳ್ಳಕ್ಕ ಒಗಸಿದ್ನಿ. ಉಳವ್ಯಾ ತಾನ ಅಂದಾ, ಅಣ್ಣನ ಹೆಸರ ತಗೀಬ್ಯಾಡವಾ, ಗಿಡದಿಂದ ಬಿದ್ನಿ ಅಂತೀನಿ ಅಂತ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇಬ್ರೂ ಉಳೀಲಿ ಅಂತ್ರಿ. ತಗದದ್ದಕ್ಕ ಹೋದ್ನೇನ್ರಿ?"

ಬಾಗಿಲಲ್ಲಿ ನಿಂತ ನರ್ಸ್ ಬಿಲ್ಕೀಸ ಅವನತ್ತ ನೋಡಿ ಮೆಲ್ಲಗೆ ತಲೆಯಾಡಿಸಿದಳು, ಬೇಡವೆನ್ನುವಂತೆ. ಒಂದು 'ಇಲ್ಲ' ಸಾಕಿತ್ತು. ಬಸವಪ್ರಸಾದನಿಗೆ ಬೆಳಗಿನ ಫೋಟೊ ನೆನಪಾಯಿತು.

"ಹೌದು. ಹಂಗ ಬಿಟ್ಟಿದ್ರ ಉಳೀತಿದ್ದ."

ಸತ್ಯ ಹೇಳಿದೆನೆಂದುಕೊಂಡ. ದನಿಯಲ್ಲಿ ಕೈಗೆ ಬಂದದ್ದು ತಪ್ಪಿಹೋದವನ ಸಿಟ್ಟಿತ್ತು. ಅದು ಅವನಿಗೇ ಕೇಳಿಸಿತು.

ಸಾತಪ್ಪನ ಹಣೆ ಗೋಡೆಗೆ ಬಡಿಯಿತು. ಮತ್ತೊಮ್ಮೆ. ಮೂರನೆಯ ಸಲ ಸದ್ದಾಗಲಿಲ್ಲ. ಬಿಲ್ಕೀಸ ಹೋಗಿ ಹಣೆಗೂ ಗೋಡೆಗೂ ನಡುವೆ ತನ್ನ ಅಂಗೈ ಇಟ್ಟಿದ್ದಳು.

ಕಾಶವ್ವ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು.

"ಕುಂದರ್ರಿ ಸಾಹೇಬ್ರ. ಮುಂಜಾನಿಂದ ನಿಂತೀರಿ. ಏನರ ಉಂಡ್ರಿಲ್ಲೊ?"

"ಇಲ್ಲ," ಎಂದ. ಈ ಸಲ ಸಲೀಸಾಗಿ ಬಂತು.

ಅವನು ಕೂರಲಿಲ್ಲ. ಒಳಗೆ ಏನಾದರೂ ಅಲುಗೀತೆಂದು ಕಾದ. ಹಸಿವೊಂದೇ ಇತ್ತು.

ಅವಳು ಪಕ್ಕದ ಬಿಳಿ ಬಟ್ಟೆಯ ಗಂಟು ಎತ್ತಿಕೊಂಡಳು. ಮಗ ಎದ್ದ ಮೇಲೆ ಉಣ್ಣಲೆಂದು ತಂದ ರೊಟ್ಟಿ. ಬಟ್ಟೆಯ ಅಂಚಿಗೆ ಹತ್ತಿದ ರಕ್ತ ಒಣಗಿ ಕಂದಾಗಿತ್ತು. ಅದನ್ನು ಅವನ ಕೈಗಿಟ್ಟಳು.

ಬಸವಪ್ರಸಾದ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಅಲುಗದಂತೆ, ಅವಳ ಕಣ್ಣು ನೋಡದೆ.