ಕೇಸರ್ ಲಾರಿ ಹತ್ತಲಿಲ್ಲ

ನೆರೆಮನೆಯ ಮೋಡ್‌ಸಿಂಗರಲ್ಲಿ ಮೊದಲ ರೊಟ್ಟಿ ಕುದುರೆಗೆ. ಸೊಸೆ ಸಾಯರ್ ಬೆಳಗ್ಗೆ ಸಜ್ಜೆರೊಟ್ಟಿಗೆ ಬೆಲ್ಲ ಸವರಿ ಲಾಯಕ್ಕೆ ಹೋದರೆ, ಗಬ್ಬದ ಕುದುರೆ ಕೇಸರ್ ಅವಳ ಸೆರಗನ್ನೇ ತುಟಿಯಲ್ಲಿ ಹಿಡಿದೆಳೆಯುತ್ತಿತ್ತು.

ಇಷ್ಟು ಮುದ್ದಿನಿಂದ ಸಾಕುವ ನಾವು ಮಾರವಾಡದವರು, ಜಾತ್ರೆಗೆ ಸಾಗಿಸುವಾಗ ಮಾತ್ರ ಕಲ್ಲಾಗುತ್ತೇವೆ. ಅಫೀಮು ತಿನ್ನಿಸಿ, ಮುಂಗಾಲು ಬಿಗಿದು, ನೀರು ಕೊಡದೆ, ಸಿಕ್ಕಷ್ಟನ್ನು ಲಾರಿಗೆ ತುರುಕುತ್ತೇವೆ. ತುಂಬುಗಬ್ಬದ ಕುದುರೆಯನ್ನು ಜಾತ್ರೆಯಲ್ಲಿ ಕಟ್ಟಿದರೆ ಮನೆತನಕ್ಕೆ ಮಾನವಂತೆ! ಹೋದ ವರ್ಷ ಕೇಸರಿನ ತಾಯಿ ಲಾರಿಯಲ್ಲೇ ಈದಿತು. ಉಳಿದ ಕುದುರೆಗಳ ಕಾಲಡಿಯಲ್ಲಿ ಮರಿ ಸತ್ತಿತು. ತಾಯಿಯೂ ಮನೆಗೆ ಮರಳಲಿಲ್ಲ.

ಈ ವರ್ಷವೂ ಲಾರಿ ಬಂತು. ಮೋಡ್‌ಸಿಂಗರ ಯಜಮಾನಿಕೆಯಲ್ಲಿ ದಾಯಾದಿಗಳ ಕುದುರೆಗಳೆಲ್ಲ ಏರಿ, ಕೇಸರಿನ ಮುಂಗಾಲಿಗೂ ಹಗ್ಗ ಬಿದ್ದಿತ್ತು. ಸೊಸೆ ಮಾವನೆದುರು ಮಾತಾಡುವ ರೂಢಿ ಆ ಮನೆಯಲ್ಲಿಲ್ಲ. ಮುಸುಕಿನೊಳಗಿಂದ ಸಾಯರ್ ಪಿಸುಗುಟ್ಟಿದ್ದನ್ನು ಅತ್ತೆ ಗವರಿಬಾಯಿ ಗಂಡನಿಗೆ ದಾಟಿಸಿದರು. ಸೊಸೆಯನ್ನು ನಮ್ಮಲ್ಲಿ ಬೀನಣಿ ಎನ್ನುತ್ತಾರೆ.

"ಬೀನಣಿ ಹೇಳ್ತಾಳೆ, ಕೇಸರ್‌ಗೆ ದಿನ ತುಂಬಿದೆಯಂತೆ. ಕಳಿಸಬಾರದಂತೆ."

"ಇವಳೇನು ಲಾಯದಲ್ಲಿ ಹುಟ್ಟಿದವಳಾ? ನಮ್ಮಪ್ಪನ ಕಾಲದಿಂದ ಸಾಗಿಸ್ತಿದೀವಿ!" ಎಂದರು ಮೋಡ್‌ಸಿಂಗ್.

"ಅವಳಣ್ಣ ದನದ ಡಾಕ್ಟರು. ಕಾನೂನೇ ಇದೆಯಂತೆ. ಒಂದು ಲಾರಿಗೆ ಆರಕ್ಕಿಂತ ಹೆಚ್ಚು ಏರಿಸಬಾರದು, ಕೆಳಗೆ ಹುಲ್ಲು ಹಾಸ್ಬೇಕು, ದಾರೀಲಿ ನಿಲ್ಲಿಸಿ ನೀರು ಕುಡಿಸ್ಬೇಕು."

"ಒತ್ತಾಗಿ ನಿಂತ್ರೆ ಒಂದಕ್ಕೊಂದು ಆಸರೆ. ನೀರು ಕುಡಿಸಿದ್ರೆ ಉಚ್ಚೆ ಹೊಯ್ದು ಜಾರ್ತವೆ. ಹುಲ್ಲು ಹಾಸೋಕೆ ಅದೇನು ಬಾಣಂತಿ ಕೋಣೆನಾ?"

ಲಾರಿಯ ಚಾಲಕ ಕಿಸಕ್ಕನೆ ನಕ್ಕ. ಮೋಡ್‌ಸಿಂಗ್ ಅಫೀಮಿನ ಉಂಡೆ ಹಿಡಿದು ಕೇಸರಿನತ್ತ ನಡೆದರು. ಗವರಿಬಾಯಿ ಅಡ್ಡ ಬಂದು ಕುದುರೆಯ ಕುತ್ತಿಗೆಗೆ ಕೈ ಹಾಕಿ ನಿಂತುಬಿಟ್ಟರು.

"ಇದನ್ನೂ ಅವಳೇ ಹೇಳಿಕೊಟ್ಟಳಾ?"

"ಇಲ್ಲ. ಇದು ನಾನು ಹೇಳ್ತಿರೋದು." ಅವರ ದನಿ ಏರಲಿಲ್ಲ. "ತುಂಬಿದ ಬಸುರಿ ನನ್ನನ್ನ ಒಂಟೆಗಾಡೀಲಿ ನಿಮ್ಮ ತಂಗಿ ಮದುವೆಗೆ ಹೇರ್ಕೊಂಡು ಹೋದ್ರಿ. ಮನೆತನದ ಮಾನ ಅಂದ್ರಿ. ದಾರಿ ಮಧ್ಯೆ ಮರಳಲ್ಲಿ ಹೂತು ಬಂದ್ವಲ್ಲ, ಆ ಕೂಸಿಗೆ ಒಂದು ಹೆಸರೂ ಇಡ್ಲಿಲ್ಲ. ನನಗೆ ಬಾಯಿತ್ತು, ಆಡ್ಲಿಲ್ಲ. ಇದಕ್ಕೆ ಬಾಯೇ ಇಲ್ಲ."

ಮೋಡ್‌ಸಿಂಗ್ ಹೆಂಡತಿಯ ಮುಖವನ್ನು ನೋಡಿದರು, ನೋಡಲಾರದೆ ತಲೆ ತಗ್ಗಿಸಿದರು. ಚಾಲಕ ಎರಡು ಸಲ ಹಾರ್ನ್ ಒತ್ತಿದ. ಮೋಡ್‌ಸಿಂಗ್ ಕೇಸರಿನ ಮುಂಗಾಲ ಬಳಿ ಮಂಡಿಯೂರಿ ಕುಳಿತರು. ಬಿಗಿದ ಹಗ್ಗದ ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ. ಗವರಿಬಾಯಿ ಪಕ್ಕದಲ್ಲೇ ಕುಳಿತು ಬಿಚ್ಚಿಕೊಟ್ಟರು.

"ಅರ್ಧ ಕುದುರೆ ಕೆಳಗಿಳಿಸಪ್ಪ, ಅವು ಇನ್ನೊಂದು ಲಾರೀಲಿ ಬರ್ತವೆ," ಎಂದು ಚಾಲಕನಿಗೆ ಹೇಳಿ, ಮದುವೆಯಾಗಿ ಬಂದಂದಿನಿಂದ ತಮ್ಮೊಡನೆ ಒಂದು ಮಾತೂ ನೇರವಾಗಿ ಆಡದ ಸೊಸೆಯತ್ತ ಮೋಡ್‌ಸಿಂಗ್ ತಿರುಗಿದರು.

"ಬೀನಣಿ, ಹೋಗೋವಕ್ಕೆ ದಾರೀಲಿ ಎಲ್ಲೆಲ್ಲಿ ನೀರು ಕೊಡ್ಬೇಕು? ನೀನೇ ಹೇಳಮ್ಮ."

ಮುಸುಕು ಅಲುಗಿತು. ಮಾವನನ್ನು ಮೊದಲ ಸಲ ಗೌರವದಿಂದ ಕರೆದ ಸಣ್ಣ ದನಿಯೊಂದು ಬಂತು:

"ಮೊದಲು ಇಲ್ಲೇ ಕುಡಿಸೋಣ, ದಾತಾ ಹುಕುಂ. ಬಾಯಾರಿವೆ."