ಹೆಗಲ ಕೆಳಗಿನ ಡಬ್ಬಿ

ಒಂದಾನೊಂದು ಕಾಲದಲ್ಲಿ, ಎಂದರೆ ನಿನ್ನೆಯವರೆಗೂ, ನರಿಕೊಂಬಿನಲ್ಲಿ ಕಾಂತಿ ಎಂಬ ಅಜ್ಜಿಯಿದ್ದಳು. ಅವಳ ಜೀವ ಎಡ ಹೆಗಲಿನ ಕೆಳಗೆ, ಬೆಂಕಿಪೆಟ್ಟಿಗೆಯಷ್ಟು ಸಣ್ಣ ಡಬ್ಬಿಯೊಂದರಲ್ಲಿತ್ತು. ಆ ಅಜ್ಜಿಯನ್ನು ನಾಲ್ವರು ಚಟ್ಟದಲ್ಲಿ ಹೊತ್ತು ಅಂಗಳ ದಾಟುತ್ತಿದ್ದಾಗ ಮೊಮ್ಮಗಳು ಪ್ರಾಪ್ತಿ ಅಡ್ಡ ಬಂದು ನಿಂತಳು.

"ಇಳಿಸಿ. ಡಬ್ಬಿ ತೆಗೀಲಿಕ್ಕೆ ಉಂಟು. ಡಾಕ್ಟರಿಗೆ ಫೋನ್ ಮಾಡಿದ್ದೇನೆ."

"ಸ್ನಾನ ಆಯಿತು, ಬಾಯಿಗೆ ನೀರು ಬಿಟ್ಟಾಯಿತು," ಎಂದ ಸಂಕಪ್ಪ. ಸತ್ತವಳ ತಮ್ಮ, ಇಂಥ ದಿನ ಆ ಮನೆಯಲ್ಲಿ ಅವನ ಮಾತೇ ಕೊನೆಯದು. "ಇನ್ನು ಮೈಗೆ ಕತ್ತಿ ಹಾಕುವುದಾ? ನಿಂಗೆ ಮಂಡೆ ಸಮ ಉಂಟಾ?"

"ಬೆಂಕಿಗೆ ಬಿದ್ದರೆ ಅದು ಪಟಾಕಿಯ ಹಾಗೆ ಒಡೀತದೆ ಅಜ್ಜ. ನಾನು ಅಜ್ಜಿಗೆ ಮಾತು ಕೊಟ್ಟಿದ್ದೇನೆ."

ತನ್ನ ದನಿ ಪಕ್ಕದ ಮನೆಯಿಂದ ಕೇಳಿಸಿದಂತಾಯಿತು ಅವಳಿಗೆ.

"ಹೆಗಲು ನೋಯ್ತದೆ ಮಾರಾಯ್ರೆ," ಎಂದ ಚಟ್ಟ ಹೊತ್ತಿದ್ದ ನೆರೆಯ ಹುಕ್ರಪ್ಪ. "ಒಂದೋ ಹೋಗುವ, ಇಲ್ಲದಿದ್ದರೆ ಇಳಿಸುವ."

ಇಳಿಸಿದರು.

*

ಕೈಯಲ್ಲಿ ಬೀಡಿ ಕಟ್ಟುತ್ತ, ಬಾಯಲ್ಲಿ ಕತೆ ಕಟ್ಟುತ್ತ ಮೊಮ್ಮಗಳನ್ನು ಬೆಳೆಸಿದವಳು ಕಾಂತಿ. ಅವಳ ಎದೆ ಒಂದು ದಿನ ದಿಕ್ಕೆಟ್ಟು ಓಡುತ್ತಿತ್ತು, ಇನ್ನೊಂದು ದಿನ ನಡುವೆಯೇ ನಿಂತು ಅವಳನ್ನು ಬೀಡಿಯ ಮೊರದ ಮೇಲೆ ಬೀಳಿಸುತ್ತಿತ್ತು. ಓಟಕ್ಕೆ ಮಾತ್ರೆ ಕೊಟ್ಟರೆ ನಿಲ್ಲುವುದು ಹೆಚ್ಚುತ್ತಿತ್ತು. ಪೇಸ್‌ಮೇಕರ್ ಎಂಬ ಈ ಡಬ್ಬಿ ಹಾಕಿದ ಮೇಲೆಯೇ ಆ ಮಾತ್ರೆಯನ್ನು ಹೆದರದೆ ನುಂಗುವಂತಾದದ್ದು.

"ಒಳಗೊಬ್ಬ ಕಂಡಕ್ಟರ್ ಕೂತಿದ್ದಾನೆ ಮಾರಾಯ್ತಿ," ಎನ್ನುತ್ತಿದ್ದಳು ಎಲೆ ಕತ್ತರಿಸುತ್ತ. "ಬಸ್ಸು ನಿಂತ ಕೂಡಲೇ 'ರೈಟ್ ಪೋಯಿ' ಹೇಳಿ ಹೊರಡಿಸ್ತಾನೆ."

ಒಮ್ಮೆ ಕತ್ತರಿ ಕೆಳಗಿಟ್ಟು ಕೇಳಿದ್ದಳು: "ನಾನು ಸತ್ತದ್ದನ್ನು ಅವನಿಗೆ ಯಾರು ಹೇಳುವುದು? ಬೆಂಕಿಯಲ್ಲೂ ಅವನು ನನ್ನನ್ನು ಎಬ್ಬಿಸ್ತಾ ಕೂತರೆ? ಸುಡುವ ಮೊದಲು ತೆಗೆಸ್ತೀಯಾ?"

"ತೆಗೆಸ್ತೇನೆ," ಎಂದಿದ್ದಳು ಪ್ರಾಪ್ತಿ, ಮೊಬೈಲಿನಿಂದ ಕಣ್ಣೆತ್ತದೆ.

*

ಆರೋಗ್ಯ ಕೇಂದ್ರದ ಡಾಕ್ಟರ್ ಮುರ್ಶಿದಾ ಸ್ಕೂಟರಿನಲ್ಲಿ ಬಂದರು. ಸಂಕಪ್ಪ ಚಟ್ಟದ ಪಕ್ಕದಲ್ಲಿ ಕೂತು ಅಕ್ಕನ ಹೆಗಲ ಮೇಲೆ ಕೈಯಿಟ್ಟಿದ್ದ. ಪ್ರಾಪ್ತಿಗೆ ಅಳು ಬರಲಿಲ್ಲ. ಅಜ್ಜಿಯ ಕಾಲ ಹೆಬ್ಬೆರಳುಗಳನ್ನು ಜೋಡಿಸಿದ ನೂಲಿನ ಗಂಟನ್ನೇ ನೋಡುತ್ತಿದ್ದಳು.

"ಇದು ಈಗಲೂ ನಡೀತಾ ಉಂಟಾ?" ಎಂದು ಕೇಳಿದ ಸಂಕಪ್ಪ.

"ಉಂಟು," ಎಂದರು ಡಾಕ್ಟರ್. "ಬ್ಯಾಟರಿ ಇನ್ನೂ ವರ್ಷಗಟ್ಟಲೆ ಬರ್ತದೆ."

"ಮತ್ತೆ ಇದನ್ನು ತೆಗೆದರೆ ಅಕ್ಕನನ್ನು ನಾವೇ ಕೊಂದ ಹಾಗೆ ಅಲ್ವಾ?"

ಕತ್ತಿ, ಸ್ನಾನ ಎಂದೆಲ್ಲ ಅವನು ಅಡ್ಡಗಟ್ಟಿದ್ದು ಈ ಹೆದರಿಕೆಗೆ ಎಂದು ಪ್ರಾಪ್ತಿಗೆ ಆಗ ತಿಳಿಯಿತು.

"ಅಲ್ಲ ಅಜ್ಜ," ಎಂದರು ಡಾಕ್ಟರ್. "ಅವರ ಹೃದಯ ಬೆಳಿಗ್ಗೆಯೇ ನಿಂತಿದೆ. ಈ ಡಬ್ಬಿಗೆ ಅದು ಗೊತ್ತಿಲ್ಲ. ಕರೀತಾನೇ ಇರ್ತದೆ. 'ಓ' ಹೇಳಲಿಕ್ಕೆ ಒಳಗೆ ಯಾರೂ ಇಲ್ಲ, ಅಷ್ಟೆ."

ಸಂಕಪ್ಪ ಮೆಲ್ಲಗೆ ಕೈ ತೆಗೆದ.

"ತೆಗೀರಿ," ಎಂದ. "ಪಾಪ, ಎಷ್ಟು ಹೊತ್ತಂತ ಕರೀಲಿಕ್ಕೆ ಅದು."

ಹೆಂಗಸರು ಸೀರೆ ಹಿಡಿದು ಮರೆ ಮಾಡಿದರು. ಮುರ್ಶಿದಾ ಅಭ್ಯಾಸಬಲದಿಂದ, "ಸ್ವಲ್ಪ ನೋಯ್ತದೆ ಅಜ್ಜಿ," ಎಂದುಬಿಟ್ಟರು. ಚರ್ಮ ಬಿಡಿಸಿ, ತಂತಿ ಕತ್ತರಿಸಿ, ಮತ್ತೆ ಹೊಲಿದರು. ಪ್ರಾಪ್ತಿ ರವಿಕೆಯನ್ನು ಮೊದಲಿನಂತೆ ಸರಿಪಡಿಸಿದಳು. ಡಬ್ಬಿಯನ್ನು ತೊಳೆದು ತಂದು ಸಂಕಪ್ಪನ ಕೈಯಲ್ಲಿಟ್ಟಳು.

ಅವನು ಅದನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿದ. ಹೆಗಲಿಗೆ ಒರಗಿಸಿಕೊಂಡು, ಅಂಗೈಯಿಂದ ಮೆಲ್ಲಮೆಲ್ಲಗೆ ತಟ್ಟತೊಡಗಿದ.